ತೆಪಾಯೆರು ಮಲಗುವ ದಿನಗಳು

ನನ್ನ ಚಿಕ್ಕಪ್ಪನ ಮಗಳು ತೆಪಾಯೆರುವಿನ ಬಗ್ಗೆ ಯಾರಾದರೂ ಬರೆಯಲೇಬೇಕೆಂದಿದ್ದರೆ ಅದನ್ನು ನಾನೇ ಬರೆಯಬೇಕು. ಬೇರೆಯವರು ಬರೆದರೆ ಬರೀ ಹೊಗಳಿಬಿಡುತ್ತಾರೆ. ಅವಳನ್ನು ಹೊಗಳುವವರಿಗೆ ನಮ್ಮ ದ್ವೀಪದಲ್ಲಿ ಬರವಿಲ್ಲ. ಬಸ್ಸಿನಲ್ಲಿ ಕೂತರೂ, ಮಾರ್ಕೆಟ್ಟಿಗೆ ಹೋದರೂ, ಚರ್ಚಿನ ಮೆಟ್ಟಿಲ ಮೇಲೆ ನಿಂತರೂ ಅವಳ ಹೆಸರೇ ಕಿವಿಗೆ ಬೀಳುತ್ತದೆ. ನನ್ನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದ ಹಾಗಾಗುತ್ತದೆ. ಇದರಲ್ಲಿ ಮುಚ್ಚಿಡುವುದೇನಿದೆ?

ನಾನು ಅಕಾಯಿತಿ. ತೆಪಾಯೆರುವಿಗಿಂತ ಒಂದು ವರ್ಷಕ್ಕೆ ದೊಡ್ಡವಳು. ನಮ್ಮಪ್ಪ ಅವಳಪ್ಪನ ಅಣ್ಣ. ಹಾಗಾಗಿ ಎರಡು ಲೆಕ್ಕದಲ್ಲೂ ಹಿರಿತನ ನನ್ನದೇ. ನಮ್ಮ ಊರು ತಿತಿಕಾವೆಕದಲ್ಲಿ ಈ ಮಾತಿಗೆ ಬೆಲೆಯಿದೆ. ಊಟಕ್ಕೆ ಕೂತಾಗ ಹಿರಿಯ ಮನೆಯವರು ಮೊದಲು ಕೈಯಿಡಬೇಕು. ಚರ್ಚಿನಲ್ಲಿ ಮುಂದಿನ ಬೆಂಚು ಅವರದು, ದೋಣಿಯಲ್ಲಿ ಮುಂದಿನ ಸೀಟು ಅವರದು. ಕಿರಿಯ ಮನೆಯವರು ಅದನ್ನು ಬಾಯಿಬಿಟ್ಟು ಕೇಳುವ ಹಾಗಿಲ್ಲ. ಹಿರಿಯರು ತಾವಾಗಿ ಎದ್ದು ಬಿಟ್ಟುಕೊಟ್ಟರೆ ತಲೆ ತಗ್ಗಿಸಿ ತೆಗೆದುಕೊಳ್ಳಬೇಕು, ಅಷ್ಟೇ.

ಐವತ್ತು ದಾಟಿದ ಹೆಂಗಸರ ದೋಣಿಯಲ್ಲಿ ನಾವು ಆರು ಜನ. ಮುಂದಿನ ಸೀಟಿನವಳು ಹುಟ್ಟು ಹಾಕಿದ ಹಾಗೆಯೇ ಹಿಂದಿನ ಐವರೂ ಹಾಕಬೇಕು. ಅವಳು ನಿಧಾನ ಮಾಡಿದರೆ ದೋಣಿ ನಿಧಾನ, ಅವಳು ಬಿರುಸಾದರೆ ದೋಣಿ ಬಿರುಸು. ಆ ಸೀಟು ಮೊದಲಿನಿಂದಲೂ ನನ್ನದು. ನನ್ನ ಗಂಡನನ್ನು ಬೇಕಾದರೆ ಒಂದು ವಾರ ಯಾರಿಗಾದರೂ ಎರವಲು ಕೊಟ್ಟೇನು, ಆ ಸೀಟನ್ನು ಕೊಡಲಾರೆ.

ತೆಪಾಯೆರು ಚಿಕ್ಕಂದಿನಿಂದಲೂ ಹೀಗೆಯೇ. ನಾವಿಬ್ಬರೂ ಒಂದೇ ಮನೆಯಲ್ಲಿ, ಒಂದೇ ಚಾಪೆಯ ಮೇಲೆ ಬೆಳೆದವರು. ಅಜ್ಜಿ ಎಳೆಯ ತೆಂಗಿನ ಗರಿ ಸೀಳಲು ಕೂರಿಸಿದರೆ ನಾನು ಕತ್ತಲಾಗುವವರೆಗೂ ಬಗ್ಗಿಸಿದ ತಲೆ ಎತ್ತದೆ ಸೀಳುತ್ತಿದ್ದೆ. ಅವಳು ಸ್ವಲ್ಪ ಹೊತ್ತು ಸೀಳಿ, "ಅಜ್ಜಿ, ಕೈ ಸಾಕು ಅಂತಿದೆ" ಎಂದು ಎದ್ದು ಹೋಗುತ್ತಿದ್ದಳು. ಬೈಗುಳ ತಿಂದು, ಅದರ ಮೇಲೆ ಮಾವಿನಹಣ್ಣನ್ನೂ ತಿಂದು ಮರದಡಿ ಬಿದ್ದುಕೊಳ್ಳುತ್ತಿದ್ದಳು. ಮರುದಿನ ನೋಡಿದರೆ ಅವಳು ಸೀಳಿದ ಎಳೆಗಳೇ ನಯ. ಅದರಲ್ಲಿ ಅಜ್ಜಿ ಚರ್ಚಿಗೆ ಹಾಕಿಕೊಳ್ಳುವ ಟೋಪಿ ಹೆಣೆದಳು. ನಾನು ಸೀಳಿದ್ದರಲ್ಲಿ ಗೆಣಸು ಹಾಕುವ ಬುಟ್ಟಿ ಹೆಣೆದಳು. ಆ ಟೋಪಿಯನ್ನು ತೆಪಾಯೆರು ಇವತ್ತಿಗೂ ಹಾಕಿಕೊಂಡು ಬರುತ್ತಾಳೆ. ನನ್ನ ಬೆಂಚಿನ ಹಿಂದೆಯೇ ಕೂರುತ್ತಾಳೆ.

ಮದುವೆಯಾಗಿ ದ್ವೀಪದ ಆಚೆ ಬದಿಗೆ, ವಿಮಾನ ಇಳಿಯುವ ನಿಕಾವ್‌ಗೆ ಹೋದಳು. ಗಂಡ ರೊಂಗೊ ಮೀನು ಹಿಡಿಯುವವನು, ಒಳ್ಳೆಯ ಮನುಷ್ಯ, ಮಾತು ಕಮ್ಮಿ. ಮೂವರು ಮಕ್ಕಳನ್ನು ಹೆತ್ತಳು. ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದು ಹೋಟೆಲಿನಲ್ಲಿ ಬಟ್ಟೆ ಒಗೆಯುವ ಕೆಲಸ. ನೀರು ಕುಡಿದ ಹಾಸಿಗೆ ಬಟ್ಟೆಗಳನ್ನು ಯಂತ್ರದಿಂದ ಎಳೆದು ಎಳೆದು ಅವಳ ತೋಳು ಗಂಡಸರ ತೋಳಿನ ಹಾಗಿದೆ. ಚರ್ಚಿಗೆ ಬರುವುದು, ಹುಟ್ಟು ಹಾಕುವುದು ಮಾತ್ರ ಇವತ್ತಿಗೂ ಅಪ್ಪನ ಊರಿನಲ್ಲೇ. ದೋಣಿಗೆ ಮಂಗಳವಾರ, ಗುರುವಾರ, ಶನಿವಾರ ಬರುತ್ತಾಳೆ. ಬಂದ ದಿನ ಜೀವ ಬಿಟ್ಟು ಹುಟ್ಟು ಹಾಕುತ್ತಾಳೆ. ಬಾರದ ದಿನ ಬೆನ್ನು ಹತ್ತಿ ಕರೆದರೂ ಬರುವುದಿಲ್ಲ.

ನಮ್ಮ ಊರಿನಲ್ಲಿ "ಇಲ್ಲ" ಅನ್ನುವುದು ಬೈಗುಳಕ್ಕೆ ಸಮ. ಬರಲಾಗದಿದ್ದರೆ ನಾವು ಒಂದು ಕತೆ ಕಟ್ಟುತ್ತೇವೆ. ಮಗುವಿಗೆ ಜ್ವರ, ಅತ್ತೆಗೆ ಸೊಂಟ, ಹಂದಿ ಬೇಲಿ ಮುರಿದು ಓಡಿತು, ಏನಾದರೂ ಒಂದು. ಕೇಳಿದವರೂ ಅದು ಸುಳ್ಳೆಂದು ಗೊತ್ತಿದ್ದೇ ಅಯ್ಯೋ ಪಾಪ ಎನ್ನುತ್ತಾರೆ. ತೆಪಾಯೆರು ಹಾಗಲ್ಲ. ಆಗಸ್ಟಿನ ಹಬ್ಬದ ಕುಣಿತಕ್ಕೆ ಅಭ್ಯಾಸ ಮಾಡುವ ಬಾ ಎಂದು ಊರಿಗೂರೇ ಕರೆಯಲು ಹೋದಾಗ ಅವಳು ಬಾಗಿಲಲ್ಲಿ ನಿಂತು ಹೇಳಿದ್ದು ಇಷ್ಟೇ.

"ಬರಲ್ಲ. ಮಲಗ್ತೀನಿ."

ಹೋದವರೆಲ್ಲ ದಂಗು. ಬೇರೆ ಯಾರೇ ಆಗಿದ್ದರೂ ಊರು ಒಂದು ವರ್ಷ ಮುಖ ತಿರುಗಿಸಿಕೊಂಡು ಓಡಾಡುತ್ತಿತ್ತು. ಅವಳ ವಿಷಯದಲ್ಲಿ ನಕ್ಕುಬಿಟ್ಟರು. "ಅವಳು ಹಾಗೇ ಬಿಡು" ಎಂದರು. ನಾನು ಒಂದು ಸಲ ಕೆಮ್ಮು ಬಂದು ಹಾಡಿನ ಅಭ್ಯಾಸ ತಪ್ಪಿಸಿದ್ದಕ್ಕೆ ಪಾದ್ರಿಯ ಹೆಂಡತಿ ಮನೆಗೇ ಬಂದು ವಿಚಾರಿಸಿಕೊಂಡಿದ್ದಳು!

ನನ್ನ ದಿನಚರಿ ಕೇಳಿ. ಕೋಳಿ ಕೂಗುವ ಮೊದಲು ಒಬ್ಬಳೇ ಸಣ್ಣ ದೋಣಿಯಲ್ಲಿ ಹವಳದ ದಿಬ್ಬದವರೆಗೆ ಹೋಗಿ ಬರುವುದು. ಆಮೇಲೆ ಮಾರ್ಕೆಟ್ಟಿಗೆ ಹೂವಿನ ಹಾರ ಕಟ್ಟುವುದು. ಸಂಜೆ ದೋಣಿ. ಅಲ್ಲಿಂದ ಒದ್ದೆ ಬಟ್ಟೆಯಲ್ಲೇ ಕುಣಿತದ ಅಭ್ಯಾಸ. ನಡುವೆ ಹೆಂಗಸರೆಲ್ಲ ಕೂಡಿ ಹೊಲಿಯುವ ಹೊದಿಕೆ, ಚರ್ಚಿನ ಹಾಡು, ಯಾರದೋ ಮದುವೆಗೆ ಕೆಸುವಿನ ಸೊಪ್ಪು ಬೇಯಿಸುವುದು. ಭಾನುವಾರ ನಮ್ಮಲ್ಲಿ ಯಾರೂ ದೋಣಿ ಮುಟ್ಟುವುದಿಲ್ಲ. ಪೂಜೆ ಮುಗಿಸಿ, ನೆಲದ ಒಲೆಯಲ್ಲಿ ಬೆಂದದ್ದನ್ನು ತಿಂದು ಇಡೀ ದ್ವೀಪ ಗೊರಕೆ ಹೊಡೆಯುತ್ತದೆ. ಆ ಹೊತ್ತಿಗೆ ನಾನು ಹಿತ್ತಲ ಬಾಗಿಲಿಂದ ಹೊರಟು ಗುಡ್ಡ ಹತ್ತುತ್ತಿದ್ದೆ. ಕಾಲು ಗಟ್ಟಿಯಾಗಲಿ, ತೆಪಾಯೆರು ಮಲಗಿದ ಒಂದೊಂದು ಗಳಿಗೆಗೂ ನಾನು ಅವಳಿಗಿಂತ ಮುಂದೆ ಹೋಗಲಿ ಎಂದು.

ಮುಂದೆ ಹೋದೆನೇ? ಎಲ್ಲಿಗೆ ಬಂತು! ಅವಳು ಮಂಗಳವಾರ ಬಂದು ಹುಟ್ಟು ಕೈಗೆತ್ತಿಕೊಂಡರೆ ನೀರು ತಾನಾಗಿ ದಾರಿ ಬಿಡುತ್ತಿತ್ತು. ನನ್ನ ತೋಳು ದಿನದಿಂದ ದಿನಕ್ಕೆ ಒದ್ದೆ ಮರದ ಹಾಗೆ ಭಾರವಾಗುತ್ತಿತ್ತು. ರಾತ್ರಿ ಕಣ್ಣು ಮುಚ್ಚಿದರೆ ನಿದ್ದೆ ಹತ್ತುತ್ತಿರಲಿಲ್ಲ. ಎದೆ ಸುಮ್ಮಸುಮ್ಮನೆ ಬಡಿದುಕೊಳ್ಳುತ್ತಿತ್ತು. "ನಿನ್ನ ಪಕ್ಕ ಮಲಗೋದೂ ಒಂದೇ, ಅಲೆ ಮೇಲೆ ಮಲಗೋದೂ ಒಂದೇ" ಎಂದು ನನ್ನ ಗಂಡ ಹೊರಗಿನ ಚಾಪೆಗೆ ಹೋದ.

ದೋಣಿ ಕಲಿಸುವವರು ಪಾಪಾ ತೂಪೆ. ಹಿರಿಯ ಗಂಡಸರನ್ನೆಲ್ಲ ನಾವು ಪಾಪಾ ಎಂದೇ ಕರೆಯುವುದು. ಅವರು ಒಂದು ಸಂಜೆ ನನ್ನನ್ನು ಪಕ್ಕಕ್ಕೆ ಕರೆದರು.

"ಅಕಾಯಿತಿ, ಎರಡು ದಿನ ಬರಬೇಡ."

"ಯಾಕೆ ಪಾಪಾ? ನಾನೇನು ತಪ್ಪು ಮಾಡಿದೆ?"

"ತಪ್ಪು ಮಾಡಿಲ್ಲ. ಎಲ್ಲಾನೂ ಮಾಡ್ತಿದೀಯ, ಅದೇ ತಪ್ಪು. ನೀರಲ್ಲಿ ತೋಳು ಸವೀತದೆ ಕಣಮ್ಮ, ಬೆಳೆಯೋದು ಚಾಪೆ ಮೇಲೆ. ತೆಪಾಯೆರುನ ನೋಡು."

ಆ ಕೊನೆಯ ಮಾತನ್ನು ಅವರು ಆಡಬಾರದಿತ್ತು. ಎರಡು ದಿನ ಸುಮ್ಮನಿರುವುದಿರಲಿ, ಮರುದಿನ ಬೆಳಿಗ್ಗೆ ದಿಬ್ಬದವರೆಗೆ ಎರಡೆರಡು ಸಲ ಹೋಗಿ ಬಂದೆ.

ನನಗೆ ಒಂದು ಗುಮಾನಿ ಹುಟ್ಟಿದ್ದು ಆಗಲೇ. ಮನುಷ್ಯಳಾದವಳು ಇಷ್ಟು ಮಲಗಿ ಇಷ್ಟು ವೇಗ ಪಡೆಯುವುದು ಸಾಧ್ಯವಿಲ್ಲ. ಬೆಳ್ಳಗಿರೋದೆಲ್ಲ ಹಾಲಲ್ಲ. ಮಲಗುತ್ತೇನೆ ಎಂದು ಊರಿಗೆ ಹೇಳಿ ನಿಕಾವ್‌ನ ದಡದಲ್ಲಿ ಕದ್ದು ಅಭ್ಯಾಸ ಮಾಡುತ್ತಿದ್ದಾಳೆ! ಹೌದು, ಹಾಗೇ ಇರಬೇಕು. ಈ ಯೋಚನೆ ಬಂದದ್ದೇ ಮೈಗೆ ಎಷ್ಟೋ ಹಗುರವಾಯಿತು. ಸೋಮವಾರ ಮಧ್ಯಾಹ್ನ ಹಾರ ಕಟ್ಟುವುದನ್ನು ಅರ್ಧಕ್ಕೇ ಬಿಟ್ಟು ಬಸ್ ಹತ್ತಿದೆ. ದ್ವೀಪ ಸುತ್ತುವ ಬಸ್ಸುಗಳು ನಮ್ಮಲ್ಲಿ ಎರಡೇ, ಒಂದು ಗಡಿಯಾರದ ಮುಳ್ಳಿನ ಹಾಗೆ ಸುತ್ತುವುದು, ಇನ್ನೊಂದು ಅದಕ್ಕೆ ಉಲ್ಟಾ. ನಾನು ಹತ್ತಿದ್ದು ಉಲ್ಟಾ ಬಸ್ಸು, ದೂರದ ದಾರಿ. ಪರಿಚಯದವರು ಕಮ್ಮಿ ಸಿಗಲಿ ಎಂದು.

ಡ್ರೈವರ್ ರಾಂಗಿಯ ಬಾಯಿಂದ ತಪ್ಪಿಸಿಕೊಳ್ಳಲಾದೀತೆ?

"ಏನಕ್ಕ, ಸೋಮವಾರ ಮಧ್ಯಾಹ್ನ ಬಸ್ಸಲ್ಲಿ! ಚರ್ಚಿಲ್ಲ, ಮಾರ್ಕೆಟ್ಟಿಲ್ಲ. ಯಾರ ಸಾವು?"

"ನಿಂದೇ. ಮುಂದೆ ನೋಡ್ಕೊಂಡು ಓಡಿಸು."

"ನಿಕಾವ್‌ಗೆ ಅಂದ್ರಲ್ಲ, ತಂಗಿ ಮನೆಗಾ? ಅವಳು ಮಲಗಿರ್ತಾಳೆ ಕಣಕ್ಕ. ಸೋಮವಾರ ಅವಳ ಮನೆ ಮುಂದೆ ನಾನು ಹಾರ್ನ್ ಕೂಡ ಹೊಡೆಯಲ್ಲ."

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನೋಡಿ, ಅವಳ ನಿದ್ದೆಗೂ ಊರಿನಲ್ಲಿ ಮರ್ಯಾದೆ.

ಮನೆಯ ಹಿಂದಿನಿಂದ ಹೋದೆ. ದಡದಲ್ಲಿ ಯಾರೂ ಇರಲಿಲ್ಲ. ಅಂಗಳದಲ್ಲಿ ರೊಂಗೊ ಮೀನಿನ ಹುರುಪೆ ತೆಗೆಯುತ್ತಾ ಕೂತಿದ್ದ. ನನ್ನನ್ನು ಕಂಡವನೇ ಬೆರಳನ್ನು ತುಟಿಯ ಮೇಲಿಟ್ಟ.

"ಮೆಲ್ಲಗೆ ಅತ್ತಿಗೆ. ಮಲಗಿದಾಳೆ."

"ಯಾಕೆ, ಹುಷಾರಿಲ್ವಾ?"

"ಹುಷಾರಾಗೇ ಇದಾಳೆ. ಮಲಗಿದಾಳೆ, ಅಷ್ಟೇ."

ಗೋಡೆಗೆ ಅವಳ ಹುಟ್ಟು ಒರಗಿತ್ತು. ಅವನು ನೋಡದಿರುವಾಗ ಮುಟ್ಟಿ ನೋಡಿದೆ. ಒಣಗಿ ಖಡಕ್ಕಾಗಿತ್ತು. ಹಿಡಿಯ ಹತ್ತಿರ ಜೇಡ ಬಲೆ ನೇಯುವುದಕ್ಕೆ ಶುರುಮಾಡಿತ್ತು. ಜಗುಲಿಯಲ್ಲಿ ತೆಪಾಯೆರು ಕೆಸುವಿನ ಗಡ್ಡೆಯ ಮೂಟೆಯ ಮೇಲೆ ಎರಡೂ ಕಾಲು ಎತ್ತಿಟ್ಟು, ಬಾಯಿ ತೆರೆದುಕೊಂಡು ಮಲಗಿದ್ದಳು. ನೊಣವೊಂದು ಅವಳ ಮೂಗಿನ ಮೇಲೆ ಓಡಾಡುತ್ತಿತ್ತು. ಅದಕ್ಕೂ ಅವಳು ಜಗ್ಗಲಿಲ್ಲ. ಹಡಗು ಮುಳುಗಿದರೂ ಏಳದ ನಿದ್ದೆ ಅದು. ಕದ್ದು ಅಭ್ಯಾಸ ಮಾಡುತ್ತಿದ್ದರೆ ಅವಳನ್ನು ಕ್ಷಮಿಸಿಬಿಡುತ್ತಿದ್ದೆ. ಈ ನಿದ್ದೆಯನ್ನು ಹೇಗೆ ಕ್ಷಮಿಸಲಿ? ನಾನು ಹಾಗೆ ಮಲಗಿ ಎಷ್ಟು ಕಾಲವಾಗಿತ್ತೋ. ಮೈ ಪರಚಿಕೊಳ್ಳುವಷ್ಟು ಉರಿ ಹತ್ತಿತು.

ಅವಳು ಕಣ್ಣು ಬಿಟ್ಟಳು. "ಅಕ್ಕ? ನೀನು? ಯಾವಾಗ ಬಂದೆ?" ಎಂದು ಪಕ್ಕಕ್ಕೆ ಸರಿದು ಚಾಪೆ ತಟ್ಟಿದಳು. "ಬಾ, ಮಲ್ಕೋ."

"ನನಗೆ ಕೆಲಸ ಇದೆ" ಎಂದೆ.

"ಕೆಲಸ ಎಲ್ಲೂ ಓಡಿ ಹೋಗಲ್ಲ. ಮುಖ ನೋಡು ಹೇಗಾಗಿದೆ."

ಸ್ವಲ್ಪ ಹೊತ್ತು ಮಲಗಿದೆ, ಸುಳ್ಳು ಯಾಕೆ. ಅವಳು ಮತ್ತೆ ಗೊರಕೆ ಹೊಡೆದಳು. ನಾನು ಸೂರಿನ ಮೊಳೆಗಳನ್ನು ನೋಡುತ್ತಾ ಬಿದ್ದುಕೊಂಡೆ. ರೊಂಗೊ ಕೊಟ್ಟ ಮೀನನ್ನು ಎಲೆಯಲ್ಲಿ ಸುತ್ತಿಕೊಂಡು ಮನೆಗೆ ಬಂದವಳೇ ಸಣ್ಣ ದೋಣಿ ಇಳಿಸಿದೆ. ಗಾಳಿ ಎದುರಿಗಿತ್ತು. ಸಿಟ್ಟಿನಲ್ಲಿ ಹುಟ್ಟು ಹಾಕುತ್ತಾ ಹಾಕುತ್ತಾ ದಿಬ್ಬ ತಲುಪುವಷ್ಟರಲ್ಲಿ ಬಲಭುಜದೊಳಗೆ ಏನೋ ಛಳಕ್ಕೆಂದಿತು. ಯಾರಿಗೂ ಹೇಳಲಿಲ್ಲ. ತೆಂಗಿನೆಣ್ಣೆ ಬಿಸಿ ಮಾಡಿ ಕತ್ತಲಲ್ಲಿ ಹಚ್ಚಿಕೊಂಡೆ.

ಅರೊರಂಗಿ ಊರಿನವರ ಮೇಲಿನ ದೋಣಿ ಪಂದ್ಯಕ್ಕೆ ಮೊದಲು ಪಾಪಾ ತೂಪೆ ನಮಗೆ ಒಬ್ಬೊಬ್ಬರಿಗೆ ಒಂದೊಂದು ಸಣ್ಣ ದೋಣಿ ಕೊಟ್ಟು, ಎಲ್ಲರನ್ನೂ ಒಟ್ಟಿಗೆ ಬಿಟ್ಟು ಪರೀಕ್ಷೆ ಮಾಡಿದರು. ದಡದಲ್ಲಿ ಅರ್ಧ ಊರು ನಿಂತಿತ್ತು. ತೆಪಾಯೆರು ಹಿಂದಿನ ಎರಡು ದಿನ ಚಾಪೆ ಬಿಟ್ಟು ಎದ್ದಿರಲಿಲ್ಲವಂತೆ. ನಾನು ಹಿಂದಿನ ಎರಡು ದಿನ ನೀರು ಬಿಟ್ಟು ಎದ್ದಿರಲಿಲ್ಲ. ಅವಳು ನನಗಿಂತ ಎಷ್ಟು ಬೇಗ ಬಂದಳೆಂದರೆ, ನಾನು ದಡ ಮುಟ್ಟುವಷ್ಟರಲ್ಲಿ ಅವಳು ಪಪಾಯಿ ತಿನ್ನುತ್ತಿದ್ದಳು.

"ಗಾಳಿ ನನಗೇ ಎದುರು ಬಂತು" ಎಂದೆ.

"ಹೂಂ, ಕುಣಿಯೋಕೆ ಬಾರದವಳಿಗೆ ನೆಲ ಡೊಂಕು" ಎಂದು ಹಿಂದಿನಿಂದ ಯಾವಳೋ ಅಂದಳು. ಯಾರೆಂದು ನನಗೆ ಗೊತ್ತು. ಅವಳ ಮಗಳ ಮದುವೆಗೆ ಹಾರ ಕಟ್ಟುವಾಗ ನೆನಪಿಟ್ಟುಕೊಳ್ಳುತ್ತೇನೆ.

ಪಾಪಾ ತೂಪೆ ಮುಂದಿನ ಸೀಟು ಯಾರಿಗೆಂದು ಹೇಳಲಿಲ್ಲ. ನನ್ನ ಮುಖ ನೋಡಿದರು. ತೆಪಾಯೆರು ಪಪಾಯಿಯ ಬೀಜ ಉಗಿಯುತ್ತಾ ಮರಳು ನೋಡುತ್ತಿದ್ದಳು. ಅವಳು ಕೇಳುವ ಹಾಗಿಲ್ಲ. ಪಾಪಾ ಹೇಳುವ ಹಾಗಿಲ್ಲ. ಅದು ನಮ್ಮ ಮನೆತನದ ವಿಷಯ, ನಾನೇ ಬಾಯಿಬಿಟ್ಟು "ತಂಗಿ, ನೀನು ಮುಂದೆ ಕೂತ್ಕೋ" ಅನ್ನಬೇಕಿತ್ತು. ಅಷ್ಟೂ ಜನ ಆ ಮಾತಿಗೆ ಕಾಯುತ್ತಿದ್ದರು. ನಾನು ಹುಟ್ಟು ತೆಗೆದುಕೊಂಡು ನೇರ ಹೋಗಿ ಮುಂದಿನ ಸೀಟಿನಲ್ಲಿ ಕೂತೆ. ಯಾಕೆ ಬಿಡಬೇಕು? ವೇಗ ಇದ್ದರೆ ಅವಳ ಹತ್ತಿರ ಇರಲಿ, ಹಿರಿತನ ನನ್ನ ಹತ್ತಿರ ಇದೆ.

ತೆಪಾಯೆರು ಮೂರನೇ ಸೀಟಿಗೆ ಹೋದಳು. ಕೂಗು ಹಾಕುವ ಕೆಲಸ ಆ ಸೀಟಿನವಳದು. ಅವಳು "ಹೀಪ್" ಎಂದಾಗ ಆರೂ ಜನ ಒಟ್ಟಿಗೆ ಹುಟ್ಟನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಬದಲಾಯಿಸಬೇಕು. ಆ ಬದಿಗೆ ಎಷ್ಟೋ ಈ ಬದಿಗೂ ಅಷ್ಟೇ. ಒಂದು ತೋಳು ದುಡಿಯುವಾಗ ಇನ್ನೊಂದಕ್ಕೆ ಕೊಂಚ ಬಿಡುವು ಸಿಗಲಿ ಎಂದು ಮಾಡಿಕೊಂಡ ಪದ್ಧತಿ.

ಪಂದ್ಯದ ಹಿಂದಿನ ಭಾನುವಾರ ಚರ್ಚಿನಲ್ಲಿ ನನ್ನ ಟೋಪಿ ಜಾರಿತು. ಬಲಗೈ ಮೇಲೆತ್ತಲಾಗದೆ ಎಡಗೈಯಲ್ಲಿ ಸರಿಮಾಡಿಕೊಂಡೆ. ಹಿಂದಿನ ಬೆಂಚಿನಲ್ಲಿ ತೆಪಾಯೆರು ಹಾಡುತ್ತಿದ್ದಳು. ನೋಡಿದಳೋ ಇಲ್ಲವೋ, ಹಾಡು ನಿಲ್ಲಲಿಲ್ಲ.

ಪಂದ್ಯದ ದಿನ ನೀರು ಒರಟಾಗಿತ್ತು. ದಿಬ್ಬದ ಸಂದಿನಿಂದ ಹೊರಗೆ ಹೋಗಿ, ಅಲ್ಲಿ ತೇಲಿಬಿಟ್ಟ ಗುರುತು ಸುತ್ತಿ ಒಳಗೆ ಬರಬೇಕು. ಅರೊರಂಗಿಯ ಹೆಂಗಸರು ಸಾಮಾನ್ಯದವರಲ್ಲ. ಹೊರಗೆ ಹೋಗುವಾಗ ನಾನು ಹೇಗೋ ಹಲ್ಲು ಕಚ್ಚಿಕೊಂಡು ಹಾಕಿದೆ. ಗುರುತು ಸುತ್ತುವಾಗ ಭುಜ ಕೈಕೊಟ್ಟಿತು. ಬಲಬದಿಗೆ ಹುಟ್ಟು ಹಾಕಿದಾಗಲೆಲ್ಲ ಕಣ್ಣಿಗೆ ಕತ್ತಲೆ ಕಟ್ಟುತ್ತಿತ್ತು. ಇನ್ನು ನಾಲ್ಕು ಸಲ ಹಾಕಿದರೆ ಹುಟ್ಟು ಕೈಯಿಂದ ಬಿದ್ದೇ ಹೋಗುತ್ತದೆ, ನನ್ನ ಹಿಂದೆ ಐದು ಜನ, ದಡದಲ್ಲಿ ಊರು, ಈ ಸೀಟು ಇವತ್ತಿಗೆ ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ "ಹೀಪ್" ಎಂದು ಕೇಳಿತು. ಹುಟ್ಟು ಎಡಕ್ಕೆ ಹೋಯಿತು. ಉಸಿರು ಬಂತು.

ಎಡಬದಿಗೆ ಹಾಕುತ್ತಲೇ ಹೋದೆ. ಕೂಗು ಬರಲೇ ಇಲ್ಲ. ಬಹಳ ಹೊತ್ತಾದ ಮೇಲೆ ಬಂತು. ಬಲಕ್ಕೆ ಬದಲಾಯಿಸಿ ನೋವು ಶುರುವಾಗುವಷ್ಟರಲ್ಲಿ ಮತ್ತೆ "ಹೀಪ್". ಮೊದಲು ನನಗೆ ತಿಳಿಯಲಿಲ್ಲ. ಮೂರನೇ ಸಲಕ್ಕೆ ತಿಳಿಯಿತು. ಅವಳು ಬಲಬದಿಗೆ ಕಮ್ಮಿ, ಎಡಬದಿಗೆ ಜಾಸ್ತಿ ಎಣಿಸಿ ಕೂಗು ಹಾಕುತ್ತಿದ್ದಳು. ಉಳಿದ ನಾಲ್ವರೂ ತುಟಿಪಿಟಕ್ಕೆನ್ನದೆ ಅವಳ ಕೂಗಿಗೆ ತಕ್ಕ ಹಾಗೆ ತೋಳು ಸವೆಸುತ್ತಿದ್ದರು. ತಿರುಗಿ ನೋಡುವ ಹಾಗಿರಲಿಲ್ಲ, ನಿಲ್ಲಿಸು ಎನ್ನುವ ಹಾಗಿರಲಿಲ್ಲ. ನನ್ನ ದೋಣಿಯಲ್ಲಿ, ನನ್ನ ಸೀಟಿನಲ್ಲಿ ಕೂತಿದ್ದ ನನ್ನನ್ನು ಅವಳು ಹಿಂದಿನಿಂದ ಮಲಗಿಸಿ ಮಲಗಿಸಿ ದಡಕ್ಕೆ ತಂದಳು. ಅರೊರಂಗಿಯವರಿಗಿಂತ ಒಂದು ಮೂತಿಯಷ್ಟು ಮುಂದೆ.

ಜನ ನೀರಿಗೇ ಇಳಿದು ಬಂದರು. ಮೊದಲ ಹಾರ ನನಗೆ. ಎರಡನೆಯದೂ ನನಗೆ. "ಮುಂದೆ ಅಕಾಯಿತಿ ಇದ್ದದ್ದಕ್ಕೆ ಆಯ್ತು" ಎಂದರು ಯಾರೋ. ಪಾಪಾ ತೂಪೆ ಮಾತ್ರ ಗಡ್ಡ ಕೆರೆದುಕೊಂಡು ತೆಪಾಯೆರುವಿನ ಕಡೆ ನೋಡಿದರು. ಆ ಹಾರಗಳು ಕುತ್ತಿಗೆಗೆ ಮುಳ್ಳಿನ ಹಾಗೆ ಚುಚ್ಚಿದವು. ಇನ್ನು ಸಾಯುವವರೆಗೂ ಅವಳ ದಯೆ ಹೊತ್ತುಕೊಂಡು ತಿರುಗಬೇಕೆ? ಅದಕ್ಕಿಂತ ಸೋತಿದ್ದರೇ ಚೆನ್ನಾಗಿತ್ತು.

ಅವಳು ದೂರ, ಮಗುಚಿ ಹಾಕಿದ ದೋಣಿಯ ನೆರಳಲ್ಲಿ ಆಗಲೇ ಕಾಲು ಚಾಚಿದ್ದಳು. ಹೋಗಿ ಎದುರಿಗೆ ನಿಂತೆ.

"ಬಲಗಡೆ ಕಮ್ಮಿ ಎಣಿಸ್ದೆ."

"ಹೂಂ."

"ನಾನು ಕೇಳಿದ್ನಾ? ನಿನ್ನ ಕನಿಕರ ಯಾರಿಗೆ ಬೇಕಿತ್ತು?"

ತೆಪಾಯೆರು ಕಣ್ಣು ಬಿಟ್ಟಳು. ಅವಳ ಮುಖದಲ್ಲಿ ಯಾವತ್ತಿನ ಆ ಸೋಮಾರಿ ನಗು ಇರಲಿಲ್ಲ.

"ಕನಿಕರನಾ? ನಿನ್ನ ಬಲಗಡೆ ಹುಟ್ಟು ಬರೀ ನೀರು ಕಲಕ್ತಿತ್ತು ಅಕ್ಕ. ನನಗೆ ಗೆಲ್ಲಬೇಕಿತ್ತು, ಅದಕ್ಕೆ ಮಾಡ್ದೆ."

ನಾನು ಬಾಯಿ ತೆರೆದೆ. ಅವಳು ಕೈಯೆತ್ತಿ ತಡೆದಳು.

"ಇಷ್ಟು ವರ್ಷ ನಿನ್ನ ಬೆನ್ನು ನೋಡ್ಕೊಂಡು ಕೂತಿದೀನಿ. ಊಟಕ್ಕೆ ನೀನು ಮೊದಲು, ಬೆಂಚಿಗೆ ನೀನು ಮೊದಲು, ದೋಣೀಲಿ ನೀನು ಮೊದಲು. ನನಗೆ ಹೊಟ್ಟೆ ಉರೀತಿರಲಿಲ್ಲ ಅಂದ್ಕೊಂಡ್ಯಾ? ಪರೀಕ್ಷೆ ದಿನ ನೀನು ಹೋಗಿ ಆ ಸೀಟಲ್ಲಿ ಕೂತ್ಯಲ್ಲ, ಪಪಾಯಿ ಸಿಪ್ಪೇನ ನಿನ್ನ ತಲೆಗೆ ಎಸೀಬೇಕು ಅನ್ನಿಸ್ತು. ಮುಂದಿನ ವರ್ಷ ಬಾಯಿಬಿಟ್ಟು ಕೇಳ್ತೀನಿ. ಊರು ಏನಾದ್ರೂ ಅಂದ್ಕೊಳ್ಳಲಿ."

"ನಿಜವಾಗ್ಲೂ?" ಎಂದೆ.

"ಏನು ನಿಜವಾಗ್ಲೂ?"

"ಹೊಟ್ಟೆ ಉರೀತಿತ್ತಾ?"

"ದಿನಾ" ಎಂದು ಅವಳು ಮಗ್ಗುಲು ಬದಲಿಸಿದಳು. "ಮಲಗಿರೋವಾಗ ಒಂದು ಬಿಟ್ಟು."

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ನಮ್ಮಪ್ಪನ ಮೇಲಾಣೆ, ಗೆದ್ದಾಗಲೂ ಅಷ್ಟು ಆಗಿರಲಿಲ್ಲ. ಕುತ್ತಿಗೆಯಲ್ಲಿದ್ದ ಒಂದು ಹಾರ ತೆಗೆದು ಅವಳ ಹೊಟ್ಟೆಯ ಮೇಲೆ ಹಾಕಿ ಮನೆಗೆ ಬಂದೆ.

ಆದರೆ ಕೇಳುತ್ತೇನೆ ಎಂದಿದ್ದಾಳಲ್ಲ. ಅವಳು ಬಾಯಿಬಿಟ್ಟು ಕೇಳಿದ ದಿನ ಹಿರಿತನ ಒಂದನ್ನೇ ಹಿಡಿದುಕೊಂಡು ಕೂತರೆ ನಡೆಯುವುದಿಲ್ಲ, ತೋಳೂ ಇರಬೇಕು. ಮರುದಿನ ಸಂಜೆ ಪಾಪಾ ತೂಪೆ ಬೇಲಿಯ ಹತ್ತಿರ ನಿಂತು, ದೋಣಿ ತೊಳೆಯಲು ಬರುತ್ತೀಯಾ, ಆಮೇಲೆ ಕುಣಿತದ ಹೆಂಗಸರೂ ಕರೆಯುತ್ತಿದ್ದಾರೆ ಎಂದರು. ಮಗುವಿಗೆ ಜ್ವರ ಎನ್ನಲು ಮನೆಯಲ್ಲಿ ಮಗುವಿರಲಿಲ್ಲ. ಹಂದಿಯೂ ಬೇಲಿಯೊಳಗೇ ಇತ್ತು.

"ಬರಲ್ಲ ಪಾಪಾ" ಎಂದೆ. "ಮಲಗ್ತೀನಿ."

ಅವರು ನನ್ನ ಮುಖವನ್ನೇ ನೋಡಿದರು. ನಾನು ಒಳಗೆ ಹೋಗಿ ಚಾಪೆ ಹಾಸಿದೆ. ಆ ಸೀಟು ಅವಳಿಗೆ ಸಿಗಬಾರದು.